ಗಡಿಯಾರದ ಪಕ್ಕದ ಎರಡು ಪೆಟ್ಟಿಗೆಗಳು

ಮನೆ ನಡೆಸುವ ಹೆಂಗಸರು ಗಡಿಯಾರಕ್ಕಿಂತ ಹೆಚ್ಚಾಗಿ ಗುರುತುಗಳನ್ನು ನಂಬಿ ಬದುಕುವವರು. ಕುಕ್ಕರಿನ ಸೀಟಿಯನ್ನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಲೇ ಎಣಿಸುತ್ತೇವೆ. ಸಾಸಿವೆಯ ಚಟಪಟ ನಿಂತಿತೆಂದರೆ ಕರಿಬೇವು ಹಾಕುವ ಹೊತ್ತಾಯಿತು. ತೊಟ್ಟಿಗೆ ಬೀಳುವ ನೀರಿನ ದನಿ ಬದಲಾದರೆ ಅದು ತುಂಬುತ್ತ ಬಂದಿದೆಯೆಂದು ಅಡುಗೆಮನೆಯಿಂದಲೇ ತಿಳಿಯುತ್ತದೆ. ಹಳೆಯ ಕರೆಂಟು ಮೀಟರುಗಳಲ್ಲಿ ಒಂದು ತೆಳ್ಳನೆಯ ಚಕ್ರ ಇರುತ್ತಿತ್ತು. ಇಸ್ತ್ರಿಪೆಟ್ಟಿಗೆ ಹಾಕಿದರೆ ಓಡುತ್ತಿತ್ತು, ತೆಗೆದರೆ ತೆವಳುತ್ತಿತ್ತು. ಈಗಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಚಕ್ರ ಹೋಗಿ ಕೆಂಪು ದೀಪ ಬಂದಿದೆ. ಒಂದು ಯೂನಿಟ್ಟಿಗೆ 1600 ಸಲವೋ 3200 ಸಲವೋ ಮಿಣುಕುತ್ತದೆಂದು ಎಷ್ಟೋ ಮೀಟರುಗಳ ಮೇಲೆ ಅಚ್ಚು ಹಾಕಿಯೇ ಇರುತ್ತಾರೆ. ಮಿಣುಕು ಜೋರಾದರೆ ಗೀಸರು ಆರಿಸಿಲ್ಲವೆಂದು ಅರ್ಥ. ಇದನ್ನೆಲ್ಲ ನಮಗೆ ಯಾರೂ ಪಾಠ ಮಾಡಿ ಕಲಿಸಲಿಲ್ಲ. ನೋಡುತ್ತ ನೋಡುತ್ತ ಬಂತು.

ಪುಸ್ತಕಗಳಿಗೆ ವಿಮರ್ಶಕರಿದ್ದಾರೆ, ನಾಟಕಕ್ಕೆ ಸಿನಿಮಾಕ್ಕೆ ಇದ್ದಾರೆ. ದಿನವೂ ಕಣ್ಣೆದುರಿಗಿರುವ ಇಂಥ ಗುರುತುಗಳನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಒಂದು ಗುರುತು ಒಳ್ಳೆಯದೋ ಕೆಟ್ಟದ್ದೋ, ಇದ್ದುದನ್ನು ಇದ್ದ ಹಾಗೆ ಹೇಳುತ್ತದೋ ಇಲ್ಲ ನಮ್ಮನ್ನು ಸುಮ್ಮನೆ ಸಮಾಧಾನಪಡಿಸುತ್ತದೋ ಎಂದು ಕೇಳಬೇಕಾದದ್ದೇ ಅಲ್ಲವೆ? ನಾನಿಲ್ಲಿ ವಿಮರ್ಶೆಗೆ ಆರಿಸಿಕೊಂಡಿರುವುದು ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಚಿತ್ರವನ್ನು. ಕಂಪ್ಯೂಟರಿನ ಪರದೆಯ ಕೆಳಗೆ, ಬಲಮೂಲೆಯಲ್ಲಿ, ಗಡಿಯಾರದ ಪಕ್ಕಕ್ಕೆ ಅದು ಇರುತ್ತಿತ್ತು. ಈಗ ಇಲ್ಲ.

ವಿಂಡೋಸ್ ಎಕ್ಸ್‌ಪಿ ಬಳಸಿದವರಿಗೆ ಅದು ನೆನಪಿರಬಹುದು. 2001ರಲ್ಲಿ ಬಂದ ಎಕ್ಸ್‌ಪಿಯಲ್ಲಿ ಒಂದರ ಹಿಂದೊಂದು ನಿಂತ ಎರಡು ಪುಟಾಣಿ ಟೀವಿಗಳಂಥ ಪೆಟ್ಟಿಗೆಗಳು. ನಮ್ಮ ಕಂಪ್ಯೂಟರಿನಿಂದ ಏನಾದರೂ ಹೊರಗೆ ಹೋದರೆ ಒಂದು ಹೊತ್ತಿಕೊಳ್ಳುತ್ತಿತ್ತು, ಹೊರಗಿನಿಂದ ಏನಾದರೂ ಒಳಗೆ ಬಂದರೆ ಇನ್ನೊಂದು. ಅದಕ್ಕೂ ಮೊದಲು, ವಿಂಡೋಸ್ 95ರ ಕಾಲದಲ್ಲಿ, ಟೆಲಿಫೋನ್ ಲೈನಿನಿಂದ ಇಂಟರ್ನೆಟ್ಟಿಗೆ ಕರೆ ಹಚ್ಚಿದಾಗಲೂ ಇದೇ ಜಾಗದಲ್ಲಿ ಎರಡು ಚುಕ್ಕೆ ದೀಪಗಳು ಮಿಣುಕುತ್ತಿದ್ದವು. ಇನ್ನೂ ಹಿಂದಕ್ಕೆ ಹೋದರೆ 1981ರಲ್ಲಿ ಅಮೆರಿಕದಲ್ಲಿ ಬಂದ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ಮಿನ ಮುಂಭಾಗದಲ್ಲಿ ಸಾಲಾಗಿ ಕೆಂಪು ದೀಪಗಳಿದ್ದವು. ಅವುಗಳಲ್ಲಿ ಒಂದು ಕಳಿಸುವುದಕ್ಕೆ, ಒಂದು ಪಡೆಯುವುದಕ್ಕೆ. ಅಂದರೆ ಆ ಎರಡು ಪೆಟ್ಟಿಗೆಗಳು ಯಾರದೋ ಅಲಂಕಾರದ ಹುಚ್ಚಿನಿಂದ ಹುಟ್ಟಿದವಲ್ಲ. ಅವಕ್ಕೊಂದು ಮನೆತನವಿತ್ತು.

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ, ಅದೂ ಮೊದಲಿಗೆ ದೊಡ್ಡ ನಗರಗಳಲ್ಲಿ. ಬಿಎಸ್ಸೆನ್ನೆಲ್ಲಿನ ಬ್ರಾಡ್‌ಬ್ಯಾಂಡ್ ಶುರುವಾದದ್ದು 2005ರಲ್ಲಿ. ಅರಸೀಕೆರೆಯಿಂದ ಹಾಸನದ ದಾರಿಯಲ್ಲಿ ಏಳೆಂಟು ಕಿಲೋಮೀಟರ್ ಬಂದರೆ ಸಿಗುವ ನಮ್ಮ ಹಾರನಹಳ್ಳಿಯಂಥ ಊರುಗಳ ಮನೆಗಳಿಗೆ ಅದು ಬರುವುದಕ್ಕೆ ಇನ್ನಷ್ಟು ಕಾಲ ಹಿಡಿಯಿತು. ಬಂದಾಗ ನಮ್ಮ ಮನೆಯಲ್ಲಿ ಕಂಪ್ಯೂಟರು ಕೂತದ್ದು ನಡುಮನೆಯ ಹಳೆಯ ಹೊಲಿಗೆ ಮಿಷನ್ನಿನ ಜಾಗದಲ್ಲಿ. ಅರಸೀಕೆರೆ, ತಿಪಟೂರು ಮಾರುಕಟ್ಟೆಗಳ ಕೊಬ್ಬರಿ ಧಾರಣೆ ನೋಡುವುದು, ಪಹಣಿ ತೆಗೆಯುವುದು, ಮಕ್ಕಳ ಪರೀಕ್ಷೆಯ ಫಲಿತಾಂಶ, ರೈಲಿನ ಟಿಕೆಟ್ಟು, ಇವಿಷ್ಟಕ್ಕೆ ಅದರ ಉಪಯೋಗ. ಆಗ ಆ ಎರಡು ಪೆಟ್ಟಿಗೆಗಳ ಭಾಷೆ ಬೇಗನೆ ತಿಳಿದುಹೋಯಿತು. ಎರಡೂ ಮಿಣುಕುತ್ತಿದ್ದರೆ ಕೆಲಸ ನಡೆಯುತ್ತಿದೆ, ಕಾಯಬೇಕು. ಎರಡೂ ಕಪ್ಪಗೆ ಕೂತಿದ್ದರೆ ಏನೂ ನಡೆಯುತ್ತಿಲ್ಲ, ಕಾದು ಫಲವಿಲ್ಲ. ಕಳಿಸುವ ಪೆಟ್ಟಿಗೆ ಮಾತ್ರ ಆಗೊಮ್ಮೆ ಈಗೊಮ್ಮೆ ಹೊತ್ತಿಕೊಂಡು ಇನ್ನೊಂದು ಸುಮ್ಮನಿದ್ದರೆ ನಾವು ಕೂಗುತ್ತಿದ್ದೇವೆ, ಆ ಕಡೆಯವರು ಓಗೊಡುತ್ತಿಲ್ಲ. ಮೂರು ಸ್ಥಿತಿ, ಮೂರು ಅರ್ಥ. ಇಷ್ಟು ಕಡಿಮೆ ಜಾಗದಲ್ಲಿ ಇಷ್ಟು ಹೇಳುವ ಚಿತ್ರ ಆ ಪರದೆಯ ಮೇಲೆ ಬೇರೆ ಇರಲಿಲ್ಲ.

2007ರಲ್ಲಿ ಜನರ ಕೈಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಈ ಮಿಣುಕಾಟ ಬೇಕಾದರೆ ನಾವೇ ಹುಡುಕಿ ಚಾಲೂ ಮಾಡಿಕೊಳ್ಳಬೇಕಾಯಿತು. 2009ರ ವಿಂಡೋಸ್ 7ರ ಹೊತ್ತಿಗೆ ಅದೂ ಹೋಯಿತು. ಆಮೇಲೆ ಬಂದ ವಿಂಡೋಸ್ 10ರಲ್ಲೂ 11ರಲ್ಲೂ ಅದು ಮರಳಲಿಲ್ಲ. ಅದರ ಜಾಗದಲ್ಲಿ ಈಗ ಇರುವುದು ಅಲುಗಾಡದ ಒಂದು ಚಿತ್ರ. ತಂತಿಯಿಂದ ಜೋಡಿಸಿದ್ದರೆ ಒಂದು ಪರದೆಯ ಆಕಾರ, ವೈಫೈ ಆದರೆ ಬೀಸಣಿಗೆಯಂಥ ಗೆರೆಗಳು. ಒತ್ತಿ ನೋಡಿದರೆ ‘ಕನೆಕ್ಟೆಡ್’ ಎನ್ನುತ್ತದೆ.

ಈ ‘ಕನೆಕ್ಟೆಡ್’ ಎಂಬ ಮಾತಿನ ಒಳಹೊಕ್ಕು ನೋಡಬೇಕು. ವಿಂಡೋಸ್ ಮಾಡುವುದಿಷ್ಟು: ಮೈಕ್ರೋಸಾಫ್ಟ್ ಕಂಪನಿಯ ಸ್ವಂತ ಸರ್ವರಿನಿಂದ ಒಂದು ಚಿಕ್ಕ ಕಡತವನ್ನು ತರಿಸಿ ನೋಡುತ್ತದೆ. ಅದು ಬಂದರೆ ಇಂಟರ್ನೆಟ್ ಇದೆ ಎಂದು ತೀರ್ಮಾನ, ಬರದಿದ್ದರೆ ಇಲ್ಲವೆಂದು ಗುರುತು. ಅದು ಸುಳ್ಳೇನಲ್ಲ. ಆದರೆ ಹಾರನಹಳ್ಳಿಯಿಂದ ಅರಸೀಕೆರೆಗೆ ರಸ್ತೆ ಇದೆಯೇ ಎಂದು ಕೇಳಿದರೆ ಇದೆ ಎನ್ನುವುದಕ್ಕೂ, ಬೆಳಿಗ್ಗೆ ಹತ್ತಿಸಿ ಕಳಿಸಿದ ಮಗಳು ಬಸ್ಸಿಳಿದಳೇ ಎಂಬ ಪ್ರಶ್ನೆಗೆ ಉತ್ತರ ಹೇಳುವುದಕ್ಕೂ ವ್ಯತ್ಯಾಸವಿದೆ. ಹಳೆಯ ಎರಡು ಪೆಟ್ಟಿಗೆಗಳು ಪ್ರಯಾಣವನ್ನು ತೋರಿಸುತ್ತಿದ್ದವು. ಹೊಸ ಚಿತ್ರ ರಸ್ತೆಯನ್ನು ತೋರಿಸಿ ಸುಮ್ಮನಾಗುತ್ತದೆ.

ಪ್ರಯಾಣ ತೋರಿಸುವ ಕೆಲಸವನ್ನು ಈಗ ಸುತ್ತುವ ಬಳೆಗೆ ಒಪ್ಪಿಸಿದ್ದಾರೆ. ಯಾವುದೇ ಪುಟ ತೆರೆಯಿರಿ, ಯಾವುದೇ ಅರ್ಜಿ ಕಳಿಸಿ, ನಡುವೆ ಒಂದು ಬಳೆ ಗಿರಗಿರನೆ ಸುತ್ತುತ್ತದೆ. ನೋಡಿದವರಿಗೆ ಒಳಗೆ ಏನೋ ಭಾರಿ ಕೆಲಸ ನಡೆಯುತ್ತಿದೆ ಎನ್ನಿಸಬೇಕು, ಹಾಗೆ. ಎಷ್ಟೋ ವೇಳೆ ಆ ಬಳೆಗೂ ಒಳಗಿನ ಕೆಲಸಕ್ಕೂ ಸಂಬಂಧವೇ ಇರುವುದಿಲ್ಲ. ‘ಉತ್ತರ ಬರುವ ತನಕ ಸುತ್ತುತ್ತಿರು’ ಎಂದು ಹೇಳಿಟ್ಟಿರುತ್ತಾರೆ, ಉತ್ತರ ಬರದಿದ್ದರೂ ಅದು ಸುತ್ತುತ್ತದೆ. ನಮ್ಮೂರಿನ ಲಕ್ಷ್ಮೀನರಸಿಂಹ ದೇವಸ್ಥಾನ ಹದಿಮೂರನೆಯ ಶತಮಾನದ್ದು, ಹೊಯ್ಸಳರ ಕಾಲದ್ದು. ಅದರ ಹೊರಗೋಡೆಯ ಅಡಿಯಲ್ಲಿ ಆನೆಗಳ ಸಾಲಿದೆ. ಒಂದರ ಹಿಂದೊಂದು ನಡೆದುಹೋಗುತ್ತಿರುವಂತೆ ಕಾಣುತ್ತವೆ. ಸುಮಾರು ಎಂಟು ನೂರು ವರ್ಷದಿಂದ ಇದ್ದಲ್ಲೇ ಇವೆ. ಶಿಲ್ಪಿಗೆ ಅದು ಸಲ್ಲುವ ಜಾಣ್ಮೆ, ನಡಿಗೆಯ ಭ್ರಮೆ ಹುಟ್ಟಿಸುವುದೇ ಅವನ ಕಸುಬು. ನನ್ನ ಅರ್ಜಿ ಎಲ್ಲಿಗೆ ಹೋಯಿತೆಂದು ಹೇಳಬೇಕಾದ ಗುರುತಿಗೆ ಆ ಜಾಣ್ಮೆ ಸಲ್ಲುವುದಿಲ್ಲ.

ಇದೇನು ಇಷ್ಟು ದೊಡ್ಡ ಸಂಗತಿಯೇ ಎಂದು ನೀವು ಕೇಳಬಹುದು. ಎದುರುಮನೆಯ ತಂಗಿಯೊಬ್ಬಳು ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದಳು. ಅಂದೇ ಕೊನೆಯ ದಿನ. ಗಂಡ ತೋಟದಲ್ಲಿ, ಮಗಳು ಕಾಲೇಜಿನಲ್ಲಿ, ಮನೆಯಲ್ಲಿ ಅವಳೊಬ್ಬಳೆ. ಎಲ್ಲ ತುಂಬಿ, ಫೋಟೋ ಹಾಕಿ, ಗುಂಡಿ ಒತ್ತಿದಳು. ಬಳೆ ಸುತ್ತತೊಡಗಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಫೋನು ಮಾಡಿದಳು: “ಅಕ್ಕಾ, ಇನ್ನೊಂದು ಸಲ ಒತ್ಲಾ? ಒತ್ತಿದ್ರೆ ತುಂಬಿದ್ದೆಲ್ಲ ಹೊರಟುಹೋಗುತ್ತೇನೋ. ಏನೋ ನಾನೇ ಎಡವಟ್ಟು ಮಾಡಿದೀನಿ ಅನ್ಸುತ್ತೆ.” ಪಕ್ಕದ ಮನೆಯ ಹುಡುಗ ಬಂದು ನೋಡಿ, “ಕನೆಕ್ಟ್ ಆಗಿದೆಯಲ್ಲ ಆಂಟಿ, ನೀವೇ ಏನೋ ತಪ್ಪು ಒತ್ತಿದೀರ” ಎಂದು ಹೇಳಿ ಹೋದನಂತೆ. ಅವಳು ಒತ್ತಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಅರ್ಜಿ ಪಡೆಯಬೇಕಾದ ಆ ಕಡೆಯ ಯಂತ್ರವೇ ಅಂದು ಮಧ್ಯಾಹ್ನ ಕೈಚೆಲ್ಲಿ ಕೂತಿತ್ತು. ಸಂಜೆ ತಾನಾಗಿ ಸರಿಹೋಯಿತು, ಅರ್ಜಿಯೂ ಹೋಯಿತು. ಆದರೆ ಮಧ್ಯಾಹ್ನವಿಡೀ ಅವಳು ತನ್ನನ್ನೇ ಬೈದುಕೊಂಡದ್ದು ಹೋಗಲಿಲ್ಲ.

ನನ್ನ ಆಕ್ಷೇಪದ ತಿರುಳು ಇರುವುದು ಇಲ್ಲಿಯೇ. ಯಂತ್ರ ಏನು ಮಾಡುತ್ತಿದೆ ಎಂದು ತೋರಿಸದಿದ್ದಾಗ, ತಪ್ಪಿನ ಹೊರೆ ಅದರ ಮುಂದೆ ಕೂತವರ ತಲೆಗೆ ಬರುತ್ತದೆ. ಅದರಲ್ಲೂ, ಏನು ಕೆಟ್ಟರೂ ‘ನನ್ನಿಂದಲೇ ಇರಬೇಕು’ ಎಂದುಕೊಳ್ಳುವ ಅಭ್ಯಾಸವಿರುವ ನಮ್ಮಂಥವರ ತಲೆಗೆ ಮೊದಲು. ಕಂಪ್ಯೂಟರ್ ವಿಜ್ಞಾನದವರಿಗೆ ಇದು ತಿಳಿಯದ ವಿಷಯವಲ್ಲ. ಬ್ರಾಡ್ ಮೈಯರ್ಸ್ ಎಂಬ ಸಂಶೋಧಕ 1985ರಲ್ಲೇ ಒಂದು ಪ್ರಬಂಧ ಬರೆದು, ಕೆಲಸ ಶೇಕಡಾ ಎಷ್ಟು ಮುಗಿಯಿತೆಂದು ತೋರಿಸುವ ಪಟ್ಟಿ ಇದ್ದರೆ ಜನ ಅದನ್ನೇ ಮೆಚ್ಚುತ್ತಾರೆ ಎಂದು ತೋರಿಸಿಕೊಟ್ಟಿದ್ದರು. ನಲವತ್ತು ವರ್ಷದ ಮೇಲೂ ನಮ್ಮ ಮುಂದೆ ಬಳೆಯೇ ಸುತ್ತುತ್ತಿದೆ.

ತೆಗೆದುಹಾಕಿದವರ ಪರವಾಗಿಯೂ ಒಂದು ಮಾತು ಹೇಳಬೇಕು. ಟೆಲಿಫೋನಿನ ಕಾಲದಲ್ಲಿ ನಾವು ಕೇಳಿದಾಗ ಮಾತ್ರ ಇಂಟರ್ನೆಟ್ ಓಡಾಡುತ್ತಿತ್ತು. ಈಗಿನ ಕಂಪ್ಯೂಟರು ಸದಾ ಯಾರೊಂದಿಗಾದರೂ ಮಾತಾಡುತ್ತಲೇ ಇರುತ್ತದೆ. ಪೆಟ್ಟಿಗೆಗಳಿದ್ದರೆ ದಿನವಿಡೀ ಮಿಣುಕುತ್ತವೆ, ಹಾಗೆ ಮಿಣುಕುವುದರಿಂದ ಏನು ತಿಳಿಯಿತು ಎನ್ನಬಹುದು. ಈ ವಾದ ಅರ್ಧ ಸರಿ. ಇನ್ನರ್ಧವೇ ನನಗೆ ಮುಖ್ಯ. ನಾನು ಏನೂ ಕೇಳದಿರುವಾಗ ನನ್ನ ಮನೆಯ ಕಂಪ್ಯೂಟರು ಮಾತಾಡುತ್ತಿದೆ ಎಂದರೆ, ಯಾರ ಜೊತೆ ಎಂದು ಕೇಳುವ ಹಕ್ಕು ನನಗಿಲ್ಲವೆ? ಹಿಂದೆ ಒಂದೇ ಲೈನಿಗೆ ಎರಡು ಟೆಲಿಫೋನ್ ಇಟ್ಟ ಮನೆಗಳಲ್ಲಿ, ಒಳಕೋಣೆಯಲ್ಲಿ ಯಾರಾದರೂ ನಂಬರು ತಿರುಗಿಸಿದರೆ ನಡುಮನೆಯ ಫೋನು ಸಣ್ಣಗೆ ಟಿಣ್ ಎನ್ನುತ್ತಿತ್ತು. ಆ ಟಿಣ್ ಏನು ಮಾತೆಂದು ಹೇಳುತ್ತಿರಲಿಲ್ಲ, ಮಾತು ನಡೆಯುತ್ತಿದೆ ಎಂದಷ್ಟೇ ಹೇಳುತ್ತಿತ್ತು. ಮುಂದಿನದನ್ನು ವಿಚಾರಿಸುವುದು ಮನೆಯವರ ಕೆಲಸ. ಮೂಲೆಯ ಮಿಣುಕೂ ಹಾಗೆಯೇ. ತಿಂಗಳಿಗೆ ಇಷ್ಟೇ ಎಂದು ಅಳೆದು ಡೇಟಾ ಕೊಂಡವರ ಕಂಪ್ಯೂಟರು ಯಾರೂ ಮುಟ್ಟದಿದ್ದಾಗ ಎಡೆಬಿಡದೆ ಮಿಣುಕಿದರೆ, ಅದು ವಿಂಡೋಸಿನದೇ ಅಪ್‌ಡೇಟ್ ಆಗಿರಬಹುದು. ಸೆಟ್ಟಿಂಗಿನಲ್ಲಿ ‘ಮೀಟರ್ಡ್ ಕನೆಕ್ಷನ್’ ಎಂದು ಗುರುತು ಹಾಕಿದರೆ ಆ ಓಡಾಟದ ದೊಡ್ಡ ಪಾಲು ತಗ್ಗುತ್ತದೆ. ಆದರೆ ಮೊದಲು ಅನುಮಾನ ಬರಬೇಕಲ್ಲ, ಅದಕ್ಕೆ ಮಿಣುಕು ಬೇಕು.

ಹಾಗಾದರೆ ಈಗ ಏನು ಮಾಡುವುದು? ಸಿಗುವ ನಾಲ್ಕಾರು ಗುರುತುಗಳನ್ನು ಒಂದೊಂದಾಗಿ ತೂಗಿ ನೋಡಿದ್ದೇನೆ.

ಮೊದಲನೆಯದು ಗೋಡೆಗೆ ನೇತುಹಾಕಿದ ಇಂಟರ್ನೆಟ್ ಡಬ್ಬಿಯ ದೀಪಗಳು. ಫೈಬರ್ ಲೈನಾದರೆ ‘ಪಾನ್’ ಎಂಬ ದೀಪ ಅಲುಗದೆ ಉರಿಯುತ್ತಿರಬೇಕು. ‘ಲಾಸ್’ ಎಂಬುದು ಕೆಂಪಗೆ ಹೊತ್ತಿಕೊಂಡರೆ ಬೆಳಕೇ ಮನೆಯ ತನಕ ಬರುತ್ತಿಲ್ಲ. ತೆಂಗಿನ ಗರಿ ಬಿದ್ದು ತಂತಿ ಹರಿದಿರಬಹುದು, ರಸ್ತೆ ಅಗೆದವರು ಕಡಿದಿರಬಹುದು; ಲೈನ್‌ಮನ್ನಿಗೆ ಹೇಳುವುದೊಂದೇ ದಾರಿ. ಇವು ಪ್ರಾಮಾಣಿಕ ದೀಪಗಳು. ತೊಂದರೆಯೆಂದರೆ ಡಬ್ಬಿ ಇರುವುದು ಬಾಗಿಲ ಮೇಲೆ, ಕಂಪ್ಯೂಟರಿಗೆ ಬೆನ್ನಾಗಿ. ಅಲ್ಲದೆ ವೈಫೈ ದೀಪ ಎಲ್ಲರಿಗೂ ಮಿಣುಕುತ್ತದೆ; ಮಹಡಿಯಲ್ಲಿ ಮಗ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರೂ ನನ್ನ ಅರ್ಜಿಯೇ ಹೋಗುತ್ತಿದೆ ಎಂದು ಭ್ರಮಿಸಬೇಕಾಗುತ್ತದೆ.

ಎರಡನೆಯದು ವಿಂಡೋಸಿನೊಳಗೇ ಇರುವ ಟಾಸ್ಕ್ ಮ್ಯಾನೇಜರ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ‘ಪರ್ಫಾರ್ಮೆನ್ಸ್’ ಭಾಗಕ್ಕೆ ಹೋದರೆ ಹೋಗುವುದು ಬರುವುದು ಎರಡರ ಗ್ರಾಫೂ ಕಾಣುತ್ತದೆ. ‘ಪ್ರೊಸೆಸಸ್’ ಭಾಗದಲ್ಲಿ ಯಾವ ತಂತ್ರಾಂಶ ಎಷ್ಟು ಬಳಸುತ್ತಿದೆ ಎಂಬ ಲೆಕ್ಕವೂ ಇದೆ. ಕಾಸು ಖರ್ಚಿಲ್ಲ, ನಂಬಬಹುದು. ಆದರೆ ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡಲು ಹೋದವರಿಗೆ ಇಡೀ ದೇಹದ ತಪಾಸಣೆಯ ವರದಿ ಕೊಟ್ಟಂತೆ. ಅನುಮಾನ ಬಂದಾಗ ತೆರೆಯಲು ಸರಿ, ಸದಾ ಕಣ್ಣಂಚಿನಲ್ಲಿ ಇಟ್ಟುಕೊಳ್ಳಲು ಆಗದು.

ಮೂರನೆಯದು ಅಂಕಿ ತೋರಿಸುವ ಬಗೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ನೆತ್ತಿಯ ಪಟ್ಟಿಯ ಮೇಲೆ ವೇಗದ ಅಂಕಿ ಬರುವಂತೆ ಮಾಡಿಕೊಳ್ಳಬಹುದು. ಕಂಪ್ಯೂಟರಿಗೂ ಅಂಥ ತಂತ್ರಾಂಶಗಳಿವೆ. ಇಲ್ಲೊಂದು ಎಚ್ಚರಿಕೆ. ಕಂಪನಿಯವರು ವೇಗ ಮಾರುವುದು ಬಿಟ್‌ಗಳಲ್ಲಿ, ಈ ಅಂಕಿಗಳು ಸಾಮಾನ್ಯವಾಗಿ ಬರುವುದು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಸೆಕೆಂಡಿಗೆ 40 ಮೆಗಾಬಿಟ್ ಎಂದು ಕೊಂಡವರಿಗೆ 5 ಮೆಗಾಬೈಟ್ ಕಂಡರೆ ಅದು ಮೋಸವಲ್ಲ, ಅಷ್ಟೇ ಬರಬೇಕಾದದ್ದು. ಎಸ್‌ಟಿಡಿ ಬೂತಿನಲ್ಲಿ ಮಾತಾಡುವಾಗ ತಲೆಯ ಮೇಲೆ ಓಡುತ್ತಿದ್ದ ಕೆಂಪು ಅಂಕಿಯನ್ನು ನೆನಪಿಸಿಕೊಳ್ಳಿ. ಕಣ್ಣು ಅಲ್ಲೇ ನೆಟ್ಟು, ಹೇಳಬೇಕಾದ ಮಾತೇ ಮರೆತುಹೋಗುತ್ತಿತ್ತು. ಅಂಕಿಯನ್ನು ಓದಬೇಕಾಗುತ್ತದೆ, ಮಿಣುಕನ್ನು ಕಂಡರೆ ಸಾಕು.

ಆದ್ದರಿಂದ ನನ್ನ ಮತ ನಾಲ್ಕನೆಯದಕ್ಕೆ. ವಿಂಡೋಸ್ 7ರಿಂದ ಪೆಟ್ಟಿಗೆಗಳು ಮಾಯವಾದಾಗ ಅವುಗಳನ್ನು ಹಾಗೆ ಹಾಗೆಯೇ ಮರಳಿ ತಂದಿಡುವ ಪುಟ್ಟ ಉಚಿತ ತಂತ್ರಾಂಶಗಳನ್ನು ಕೆಲವರು ಬರೆದರು. ‘ನೆಟ್‌ವರ್ಕ್ ಆಕ್ಟಿವಿಟಿ ಇಂಡಿಕೇಟರ್’ ಎಂಬ ಸೀದಾ ಹೆಸರಿನದೇ ಒಂದಿದೆ. ಲಿನಕ್ಸ್ ಬಳಸುವವರಿಗೆ ಎಕ್ಸ್‌ಎಫ್‌ಸಿಇ ಎಂಬ ಮೇಜುಪರದೆಯ ಪಟ್ಟಿಗೆ ಸೇರಿಸಿಕೊಳ್ಳುವ ಇಂಥದೇ ಚಿಕ್ಕ ಮೀಟರಿದೆ. ಒಳ್ಳೆಯದನ್ನು ಗುರುತಿಸಲು ನನ್ನ ಅಳತೆಗೋಲು ಮೂರು. ಹೋಗುವುದನ್ನೂ ಬರುವುದನ್ನೂ ಅದು ಬೇರೆ ಬೇರೆಯಾಗಿ ತೋರಿಸಬೇಕು. ಮೂಲೆ ಬಿಟ್ಟು ಮುಂದಕ್ಕೆ ಬಂದು ಜಾಹೀರಾತು ಹೇಳಬಾರದು. ಏನೂ ಓಡಾಡದಿದ್ದಾಗ ಅದೂ ಸುಮ್ಮನಿರಬೇಕು. ಇಳಿಸಿಕೊಳ್ಳುವಾಗ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು: ಬರೆದವರ ಸ್ವಂತ ತಾಣದಿಂದಲೇ ತೆಗೆದುಕೊಳ್ಳಿ. ಬೇರೆ ತಾಣಗಳಲ್ಲಿ ‘ಡೌನ್‌ಲೋಡ್’ ಎಂದು ದಪ್ಪಕ್ಷರದಲ್ಲಿ ಕಾಣುವ ಹಸಿರು ಗುಂಡಿಗಳಲ್ಲಿ ಎಷ್ಟೋ ಜಾಹೀರಾತುಗಳೇ ಆಗಿರುತ್ತವೆ.

ಈ ಬಗೆಯ ಗುರುತುಗಳಲ್ಲಿ ನಾನು ಓದಿ ಬಲ್ಲ ಅತ್ಯುತ್ತಮವಾದದ್ದು ಪರದೆಯ ಮೇಲೆ ಇರಲೇ ಇಲ್ಲ. ನಮ್ಮಲ್ಲಿ ಜೆರಾಕ್ಸ್ ಎಂದರೆ ಆಧಾರ್ ಕಾರ್ಡಿನ ಪ್ರತಿ ತೆಗೆಯುವುದು. ಆ ಹೆಸರಿನ ಕಂಪನಿಯ ಒಂದು ಸಂಶೋಧನಾ ಕೇಂದ್ರ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿತ್ತು. ಅಲ್ಲಿ ನಟಾಲಿ ಜೆರೆಮಿಜೆಂಕೊ ಎಂಬ ಕಲಾವಿದೆ ಸುಮಾರು ಎಂಟು ಅಡಿ ಉದ್ದದ ಒಂದು ಪ್ಲಾಸ್ಟಿಕ್ ದಾರವನ್ನು ಚಾವಣಿಯ ಒಂದು ಚಿಕ್ಕ ಮೋಟಾರಿನಿಂದ ಇಳಿಬಿಟ್ಟಳು. ಮೋಟಾರಿಗೆ ಕಚೇರಿಯ ನೆಟ್‌ವರ್ಕ್ ತಂತಿಯ ಸಂಪರ್ಕ. ತಂತಿಯಲ್ಲಿ ಮಾಹಿತಿ ಹರಿದಾಗಲೆಲ್ಲ ದಾರ ಒಂದಿಷ್ಟು ಮಿಸುಕುತ್ತಿತ್ತು. ಓಡಾಟ ಹೆಚ್ಚಿದರೆ ದೆವ್ವ ಹಿಡಿದಂತೆ ಸುತ್ತಿ ಸದ್ದು ಮಾಡುತ್ತಿತ್ತು, ಕಡಿಮೆಯಾದರೆ ಆಗೊಮ್ಮೆ ಈಗೊಮ್ಮೆ ಬೆಚ್ಚಿದಂತೆ ಅಲುಗುತ್ತಿತ್ತು. ಅದೇ ಕೇಂದ್ರದ ಮಾರ್ಕ್ ವೈಸರ್ ಮತ್ತು ಜಾನ್ ಸೀಲಿ ಬ್ರೌನ್ 1995ರಲ್ಲಿ ಬರೆದ ಪ್ರಬಂಧದಲ್ಲಿ ಅದನ್ನು ಎತ್ತಿ ಹೇಳಿದರು. ಯಂತ್ರ ನಮ್ಮ ಕಣ್ಣಂಚಿನಲ್ಲಿರಬೇಕು, ಬೇಕೆನಿಸಿದಾಗ ಮಾತ್ರ ನಡುವಿಗೆ ಬರಬೇಕು ಎಂಬುದು ಅವರ ವಾದ. ತೊಟ್ಟಿ ತುಂಬುವ ದನಿಗೆ ಕಿವಿಯ ಒಂದು ಮೂಲೆಯನ್ನು ಬಿಟ್ಟುಕೊಟ್ಟು ರೊಟ್ಟಿ ತಟ್ಟುವವರಿಗೆ ಈ ವಾದ ಹೊಸದೆನ್ನಿಸುವುದಿಲ್ಲ.

ಪ್ರಾಮಾಣಿಕತೆಗೂ ಅಪಾಯವಿದೆ ಎಂಬುದನ್ನು ಮರೆಮಾಚಬಾರದು. 2002ರಲ್ಲಿ ಜೋ ಲೌರಿ ಮತ್ತು ಡೇವಿಡ್ ಅಂಫ್ರೆಸ್ ಎಂಬ ಇಬ್ಬರು, ಕೆಲವು ಮೋಡೆಮ್ಮುಗಳ ದೀಪಗಳು ಹಾದುಹೋಗುವ ಮಾಹಿತಿಗೆ ಎಷ್ಟು ತಾಳ ಹಾಕಿ ಮಿಣುಕುತ್ತವೆಂದರೆ, ದೂರದಿಂದ ಆ ಬೆಳಕನ್ನು ಹಿಡಿದು ಮಾಹಿತಿಯನ್ನೇ ಓದಬಹುದು ಎಂದು ತೋರಿಸಿದರು. ಎಲ್ಲ ಹೇಳಿಬಿಡುವ ಗುರುತು ಕೆಲವೊಮ್ಮೆ ಬೀದಿಗೂ ಹೇಳಿಬಿಡುತ್ತದೆ. ಪರದೆಯ ಮೂಲೆಯ ಎರಡು ಪೆಟ್ಟಿಗೆಗಳಿಗೆ ಆ ಭಯವಿಲ್ಲ. ಅವು ‘ಏನೋ ಹೋಯಿತು, ಏನೋ ಬಂತು’ ಎನ್ನುವಷ್ಟೇ ಬಲ್ಲವು.

ಅವುಗಳ ಮಿತಿಯೂ ಅದೇ. ಹಿಂದೆ ನಾಲ್ಕು ಬೇರೆ ಪುಟಗಳು ತೆರೆದಿದ್ದರೆ ಮಿಣುಕು ಯಾರದೆಂದು ತಿಳಿಯದು. ಅವನ್ನೆಲ್ಲ ಮುಚ್ಚಿ, ಒಂದೆರಡು ನಿಮಿಷ ನೋಡಬೇಕು. ಅಷ್ಟು ತಾಳ್ಮೆ ಇದ್ದವರಿಗೆ ಆ ಚಿಕ್ಕ ಚಿತ್ರ ದೊಡ್ಡ ಉಪಕಾರ ಮಾಡುತ್ತದೆ. ಎದುರುಮನೆಯ ತಂಗಿಯ ಕಂಪ್ಯೂಟರಿನ ಮೂಲೆಗೂ ಈಗ ಆ ಎರಡು ಪೆಟ್ಟಿಗೆಗಳು ಬಂದು ಕೂತಿವೆ. ಮೊನ್ನೆ ಇನ್ನಾವುದೋ ಅರ್ಜಿಯ ಬಳೆ ಸುತ್ತುತ್ತ ನಿಂತಾಗ ಅವಳು ಫೋನು ಮಾಡಿದ್ದು ನನಗಲ್ಲ, ಆ ಕಚೇರಿಗೆ. “ನಮ್ಮ ಕಡೆಯಿಂದ ಹೋಗ್ತಾ ಇದೆ ಸ್ವಾಮಿ, ನಿಮ್ಮ ಕಡೆಯಿಂದ ಏನೂ ಬರ್ತಾ ಇಲ್ಲ, ಸ್ವಲ್ಪ ನೋಡಿ” ಎಂದಳಂತೆ. ದನಿಯಲ್ಲಿ ಅಳುಕಿರಲಿಲ್ಲವೆಂದು ಅವಳ ಮಗಳು ಹೇಳಿದಳು.